ದನಿ ಕಳೆದುಕೊಂಡ ಅಕ್ಕ ಕರೆದಳು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ಒಳಗೊಳಗೇ ನಕ್ಕು ಸುಮ್ಮನಾಗುತ್ತಿದ್ದೆ. ಗಂಗಾವತಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ, ಕಫ ಪರೀಕ್ಷೆ ಮಾಡುತ್ತ ಅರ್ಧ ಆಯುಷ್ಯ ಕಳೆದವಳು ನಾನು. ಹುಣ್ಣಿಮೆಗೆ ಹುಲಿಗಿಯ ದೇವಿ ಗುಡಿಗೆ ಹೋಗಿ ಬಂದ ಹೆಂಗಸರು, ಮೈಮೇಲೆ ತಾಯಿ ಬಂದಿದ್ದಳು, ಕಣ್ಣಿಗೆ ಕತ್ತಲೆ ಕವಿದು ಬಿದ್ದೆ ಎಂದು ಹೇಳಿಕೊಂಡರೆ, ಎದುರು ಮಾತಾಡದೆ ಬೆರಳು ಚುಚ್ಚಿ ಹಿಮೋಗ್ಲೋಬಿನ್ ನೋಡುತ್ತಿದ್ದೆ. ಹೆಚ್ಚಿನ ಸಲ ಅದು ಕಡಿಮೆಯೇ ಇರುತ್ತಿತ್ತು. ಆದ್ದರಿಂದ ಈಗ ನಾನು ಬರೆಯುತ್ತಿರುವುದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ. ಅರ್ಥ ಹೇಳಲು ನನ್ನಿಂದ ಆಗುವುದಿಲ್ಲ.

ನನ್ನ ಅಕ್ಕನ ಹೆಸರು ಗೌರವ್ವ. ನನಗಿಂತ ಬಹಳ ದೊಡ್ಡವಳು. ನಾನಿನ್ನೂ ಅಂಬೆಗಾಲಿಡುತ್ತಿದ್ದಾಗ ಅವ್ವ ತೀರಿಕೊಂಡಳು. ತಳಕಲ್ಲು ಎಂಬ ನಮ್ಮ ಊರಿನ ಮನೆಯಲ್ಲಿ ನನಗೆ ತಲೆ ಬಾಚಿದವಳು, ಬೈದವಳು, ಕೂಲಿ ಮಾಡಿ ಓದಿಸಿದವಳು ಅಕ್ಕನೇ. ಅವಳನ್ನು ಅದೇ ಊರಿಗೆ ಕೊಟ್ಟಿದ್ದರು. ಗಂಡ ಬೇಗ ಸತ್ತ. ರೇಣುಕಾ ಎಂಬ ಒಬ್ಬಳು ಮಗಳು. ಅಕ್ಕನಿಗೆ ಓದು ಬರಹ ಬರುತ್ತಿರಲಿಲ್ಲ, ಆದರೆ ದನಿ ಎಂದರೆ ಅವಳದು. ಕಳೆ ತೆಗೆಯುವ, ಶೇಂಗಾ ಬಿಡಿಸುವ ಹೆಂಗಸರ ಗುಂಪಿಗೆ ಅವಳೇ ಮುಂದು. ಮದುವೆ ಮನೆಗಳಲ್ಲಿ ಸೋಬಾನೆ ಹಾಡಲು ಅವಳು ಬರುವ ತನಕ ಕಾಯುತ್ತಿದ್ದರು. ಸಂಜೆ ಮಾಳಿಗೆ ಹತ್ತಿ ನಿಂತು, "ಸಣ್ಣೀ... ಏ ಸಣ್ಣೀ... ಮನಿಗೆ ಬಾ" ಎಂದು ಕೂಗಿದರೆ ನಾನು ಯಾರ ಹೊಲದಲ್ಲಿದ್ದರೂ ಕೇಳಿಸುತ್ತಿತ್ತು. ಕೊನೆಯ ಅಕ್ಷರವನ್ನು ಮೇಲಕ್ಕೆತ್ತಿ ಎಳೆಯುತ್ತಿದ್ದಳು. ನನಗೆ ಬೇರೆ ಹೆಸರಿದೆ. ಸಣ್ಣಿ ಎಂದು ಕರೆಯುತ್ತಿದ್ದವಳು ಜಗತ್ತಿನಲ್ಲಿ ಅವಳೊಬ್ಬಳೇ.

ಆ ಗಂಟಲಿಗೇ ರೋಗ ಬಂತು. ತಂಬಾಕು, ಸುಣ್ಣ ದವಡೆಯಲ್ಲಿಟ್ಟುಕೊಳ್ಳುವ ರೂಢಿ ಅವಳಿಗೆ ಮೊದಲಿನಿಂದಲೂ ಇತ್ತು. ದನಿ ಒಡೆಯಿತು, ಒಡೆದದ್ದು ಸರಿಹೋಗಲಿಲ್ಲ. ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದುಹಾಕಿದರು. ಅರ್ಧ ಅಲ್ಲ, ಪೂರ್ತಿ. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಆಮೇಲೆ ಅವಳು ಉಸಿರಾಡಿದ್ದು ಕುತ್ತಿಗೆಗೆ ಮಾಡಿದ ತೂತಿನಿಂದ. ಬಾಯಿಗೂ ಶ್ವಾಸಕ್ಕೂ ಸಂಬಂಧವೇ ಉಳಿದಿರಲಿಲ್ಲ. ಕುತ್ತಿಗೆಗೆ ಒತ್ತಿ ಹಿಡಿದು ಮಾತಾಡುವ ಒಂದು ಯಂತ್ರವನ್ನು ಆಸ್ಪತ್ರೆಯವರು ತೋರಿಸಿದರು. ಅದರಿಂದ ಜೀರುಂಡೆಯಂಥ ಸದ್ದು ಹೊರಟಿದ್ದೇ ಅಕ್ಕ ಅದನ್ನು ಮಂಚದ ತುದಿಗೆ ತಳ್ಳಿ ಗೋಡೆಯ ಕಡೆ ತಿರುಗಿ ಮಲಗಿದಳು. ಬರೆಯಲು ಬಾರದವಳು, ಮಾತೂ ಹೋಯಿತು. ಯಾರನ್ನಾದರೂ ಕರೆಯಬೇಕಾದರೆ ಚಪ್ಪಾಳೆ ತಟ್ಟುತ್ತಿದ್ದಳು.

ರೇಣುಕಾ ನರ್ಸಿಂಗ್ ಓದಿ, ಪರೀಕ್ಷೆ ಬರೆದು, ಸ್ಕಾಟ್‌ಲೆಂಡಿನ ಎಡಿನ್‌ಬರ್ಗ್ ಎಂಬ ಊರಿನ ಆಸ್ಪತ್ರೆಗೆ ಕೆಲಸಕ್ಕೆ ಹೋಗಿದ್ದಳು. ಆಪರೇಷನ್ ಹೊತ್ತಿಗೆ ಬಂದು ಇದ್ದ ರಜೆಯನ್ನೆಲ್ಲ ಮುಗಿಸಿಕೊಂಡಿದ್ದಳು. ಮರುವರ್ಷ ರೋಗ ಶ್ವಾಸಕೋಶಕ್ಕೆ ಇಳಿದಿದೆ ಎಂದು ಗೊತ್ತಾಯಿತು. ಹುಬ್ಬಳ್ಳಿಯ ಡಾಕ್ಟರು ನನ್ನನ್ನು ಹೊರಗೆ ಕರೆದು, "ಇನ್ನ ನಾವು ಮಾಡೋದು ಏನೂ ಉಳದಿಲ್ರಿ. ಅವರಿಗೆ ಎಲ್ಲಿ ಇರಬೇಕು ಅನಸ್ತದ, ಅಲ್ಲಿ ಇಡ್ರಿ" ಎಂದರು. ಅಕ್ಕನನ್ನು ಕೇಳಿದೆ. ಅವಳು ನನ್ನ ಮೊಬೈಲಿನಲ್ಲಿದ್ದ ರೇಣುಕಾಳ ಫೋಟೋ ಮೇಲೆ ಬೆರಳಿಟ್ಟಳು. ಓಡಾಡುವ ಸ್ಥಿತಿಯಲ್ಲಿ ಇರುವಾಗಲೇ ಹೋಗಿಬರೋಣವೆಂದು ನಾನು ರಜೆ ಹಾಕಿ ಅವಳನ್ನು ಕರೆದುಕೊಂಡು ಹೊರಟೆ.

ಹೀಗಾಗಿ ನಾವು ಆ ಊರು ನೋಡಿದೆವು. ಕಾಗದದ ಮೇಲೆ ಎಡಿನ್‌ಬರ್ಗ್, ರೇಣುಕಾ ಹೇಳುವುದು ಎಡಿನ್‌ಬ್ರಾ. ಹೊಗೆ ಹಿಡಿದಂಥ ಕಪ್ಪು ಕಲ್ಲಿನ ಎತ್ತರೆತ್ತರದ ಮನೆಗಳು, ನಡುವೆ ಎರಡು ಆಳು ಹೋಗುವಷ್ಟೇ ಅಗಲದ ಇಳಿಜಾರು ಸಂದಿಗಳು, ಊರಿನ ನೆತ್ತಿಯ ಬಂಡೆಯ ಮೇಲೆ ಕೋಟೆ. ಅಕ್ಕ ಕೋಟೆಯನ್ನು ನೋಡಿದ್ದೇ ನನ್ನ ಭುಜ ತಟ್ಟಿ, ಕೈಯನ್ನು ಗುಡ್ಡದ ಆಕಾರದಲ್ಲಿ ಎತ್ತಿ ತೋರಿಸಿದಳು. ಕೊಪ್ಪಳದ ಕೋಟೆಯ ಹಾಗೆ ಇದೆ ಎನ್ನುತ್ತಿದ್ದಳು. ಮಧ್ಯಾಹ್ನ ಅಲ್ಲಿ ತೋಪು ಹಾರಿಸುತ್ತಾರೆ. ಎಲ್ಲರೂ ಬೆಚ್ಚಿದರೆ ಅಕ್ಕ ಮಾತ್ರ ಹೊಟ್ಟೆ ಹಿಡಿದುಕೊಂಡು ಸದ್ದಿಲ್ಲದೆ ನಕ್ಕಳು. ಕೆಳಗಿನ ಬೀದಿಯಲ್ಲಿ ಲಂಗ ತೊಟ್ಟ ಗಂಡಸೊಬ್ಬ ತೊಗಲಿನ ಚೀಲ ಕಂಕುಳಲ್ಲಿ ಒತ್ತುತ್ತ ವಾದ್ಯ ಊದುತ್ತಿದ್ದ. ಅವನ ಮುಂದಿನಿಂದ ಅವಳನ್ನು ಎಬ್ಬಿಸಿಕೊಂಡು ಬರುವುದೇ ಕಷ್ಟವಾಯಿತು.

ತಿನ್ನಲು ಅವಳಿಗೆ ಆಗುತ್ತಿದ್ದದ್ದು ಮೆತ್ತಗಿನದಷ್ಟೇ. ಅಲ್ಲಿಯವರು ಬೆಳಿಗ್ಗೆ ಓಟ್ಸ್ ಗಂಜಿ ಕುಡಿಯುತ್ತಾರೆ. ರೇಣುಕಾ ಅದಕ್ಕೆ ಉಪ್ಪು, ಮಜ್ಜಿಗೆ ಹಾಕಿಕೊಟ್ಟರೆ ಅಕ್ಕ ಜೋಳದ ನುಚ್ಚು ಉಂಡಂತೆ ಉಣ್ಣುತ್ತಿದ್ದಳು. ಒಂದು ದಿನ ಹೋಟೆಲಿನಲ್ಲಿ ಹ್ಯಾಗಿಸ್ ಎಂಬುದನ್ನು ತರಿಸಿ, "ಕುರಿ ಕರಳು ಗಿರಳು ಕೊಚ್ಚಿ, ಓಟ್ಸ್ ಹಾಕಿ, ಹೊಟ್ಟಿ ಚೀಲದಾಗ ತುಂಬಿ ಬೇಯಸ್ತಾರವ್ವ. ಇಲ್ಲಿ ದೊಡ್ಡ ಊಟ ಇದು" ಎಂದು ರೇಣುಕಾ ಹೇಳಿದಾಗ ಅಕ್ಕ ನನ್ನ ಕಡೆ ನೋಡಿದ ನೋಟ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. "ಬೋಟಿ ತಿನ್ನಾಕ ಇಷ್ಟು ದೂರ ಬಂದ್ವಿ ಅನ್ನಾಕತ್ತಾಳ ನಿಮ್ಮವ್ವ" ಎಂದು ನಾನೇ ಹೇಳಿದೆ. ಅಕ್ಕ ಹೌದೆಂದು ತಲೆಯಾಡಿಸಿದಳು. ಇನ್ನೊಂದು ದಿನ ಬಸ್ಸಿನಲ್ಲಿ ರಾಸ್ಲಿನ್ ಎಂಬ ಹಳ್ಳಿಗೆ ಹೋಗಿ ಮೈತುಂಬ ಕೆತ್ತನೆಯಿರುವ ಹಳೆಯ ಚರ್ಚು ನೋಡಿದೆವು. ಬಳ್ಳಿ ಸುತ್ತಿದ ಒಂದು ಕಂಬವನ್ನು ಅಕ್ಕ ಅಂಗೈಯಿಂದ ಸವರಿದಳು. ಇಟಗಿಯ ಗುಡಿಯಲ್ಲೂ ಅವಳು ಹಾಗೇ ಕಂಬ ಸವರುತ್ತಿದ್ದಳು.

ಇದನ್ನೆಲ್ಲ ಓದಿ ನಾವು ಸುಖವಾಗಿದ್ದೆವು ಎಂದುಕೊಳ್ಳಬೇಡಿ. ರಾತ್ರಿ ಅವಳ ಕುತ್ತಿಗೆಯಿಂದ ಬರುವ ಸದ್ದು ಕೇಳುತ್ತ ನಾವಿಬ್ಬರೂ ಎಚ್ಚರವಾಗಿರುತ್ತಿದ್ದೆವು. ಕಫದಲ್ಲಿ ರಕ್ತ ಕಾಣತೊಡಗಿತ್ತು.

ಹೊರಡುವ ದಿನ ಹತ್ತಿರ ಬಂದಾಗ ರೇಣುಕಾ, ಅವ್ವ ಸಮುದ್ರ ನೋಡಿಲ್ಲ ಎಂದು ಊರಂಚಿನ ಕ್ರಾಮಂಡ್ ಎಂಬಲ್ಲಿಗೆ ಕರೆದುಕೊಂಡು ಹೋದಳು. ಅಲ್ಲಿ ದಡದಿಂದ ಒಂದು ಮೈಲಿಯಷ್ಟು ದೂರದಲ್ಲಿ ಪುಟ್ಟ ದ್ವೀಪವಿದೆ. ಸಮುದ್ರ ಇಳಿದಾಗ ದಾರಿ ತೆರೆದುಕೊಂಡು ಜನ ನಡೆದುಕೊಂಡೇ ಹೋಗಿಬರುತ್ತಾರೆ. ಏರಿದಾಗ ದಾರಿ ಮುಳುಗುತ್ತದೆ. ದಾರಿಯ ಒಂದು ಬದಿಗೆ ಆಳೆತ್ತರದ ಕಾಂಕ್ರೀಟ್ ಕಂಬಗಳ ಸಾಲು. ನೀರು ಯಾವಾಗ ಬರುತ್ತದೆಂದು ದಡದಲ್ಲೇ ಬೋರ್ಡಿನ ಮೇಲೆ ಬರೆದಿದ್ದರು. ಅವತ್ತು ಬಿಸಿಲಿತ್ತು. ಅಕ್ಕನಿಗೆ ನಡೆಯಲು ಆಗುತ್ತಿರಲಿಲ್ಲ. ದಡದ ಬೆಂಚಿನ ಮೇಲೆ ಕೂತು, ದ್ವೀಪವನ್ನು ತೋರಿಸಿ, ನನ್ನ ಕಡೆ ಕೈ ಬೀಸಿದಳು. ಹೋಗಿ ನೋಡಿ ಬಾ ಎಂದು.

"ಹೋಗಿ ಬಾ ಚಿಗವ್ವ. ಇನ್ನೂ ಟೈಮ್ ಐತಿ. ನಾ ಅವ್ವನ ಹತ್ರ ಇರ್ತೀನಿ" ಎಂದಳು ರೇಣುಕಾ.

ನಾನು ಹೋದೆ. ದ್ವೀಪ ಸುತ್ತಿ ಹಿಂದಿರುಗುವಾಗ ಅಕ್ಕನಿಗೆಂದು ಚಿಪ್ಪು ಆರಿಸಲು ದಾರಿ ಬಿಟ್ಟು ಮರಳಿಗೆ ಇಳಿದೆ. ಒಂದರ ಹಿಂದೆ ಒಂದು ಚಿಪ್ಪು ಕಂಡು ಬಗ್ಗುತ್ತಲೇ ದೂರ ಹೋಗಿದ್ದೆ. ತಲೆಯೆತ್ತಿದಾಗ ಸಮುದ್ರದ ಕಡೆಯಿಂದ ಬಿಳಿ ಗೋಡೆಯಂಥದೇನೋ ನನ್ನ ಮೇಲೇ ಬರುತ್ತಿತ್ತು. ಆ ಕರಾವಳಿಯಲ್ಲಿ ಹೀಗೆ ಇದ್ದಕ್ಕಿದ್ದಂತೆ ಮಂಜು ಬರುವುದುಂಟು, ಅದಕ್ಕೆ ಹಾರ್ ಎನ್ನುತ್ತಾರೆ ಎಂದು ಆಮೇಲೆ ತಿಳಿಯಿತು. ನಾನು ನಾಲ್ಕು ಹೆಜ್ಜೆ ಓಡುವಷ್ಟರಲ್ಲಿ ದ್ವೀಪವೂ ಇಲ್ಲ, ದಡವೂ ಇಲ್ಲ, ಕಂಬಗಳೂ ಇಲ್ಲ. ಚಾಚಿದ ನನ್ನ ಕೈಯೇ ಮಸುಕಾಗಿ ಕಾಣುತ್ತಿತ್ತು. ನನ್ನ ಮೊಬೈಲ್ ರೇಣುಕಾಳ ಮನೆಯ ವೈಫೈ ಬಿಟ್ಟರೆ ಬೇರೆಲ್ಲೂ ನಡೆಯುತ್ತಿರಲಿಲ್ಲ.

ದಡ ಇದೇ ಕಡೆ ಎಂದುಕೊಂಡು ನಡೆದೆ. ಪಾದಕ್ಕೆ ನೀರು ತಾಗಿತು. ತಿರುಗಿ ನಡೆದೆ. ಅಲ್ಲೂ ನೀರು. ತಗ್ಗುಗಳಲ್ಲಿ ಅದು ಮೊದಲು ತುಂಬಿಕೊಳ್ಳುತ್ತಿತ್ತು. ಸೀರೆ ಮೊಣಕಾಲಿಗೆ ಸುತ್ತಿಕೊಂಡಿತು. ರೇಣುಕಾ ಎಂದು ಕೂಗಿದೆ. ನನ್ನ ಕೂಗನ್ನು ಮಂಜು ಅಲ್ಲೇ ನುಂಗಿದಂತಾಯಿತು. ಆಗ ನನಗೆ ಬಂದ ಯೋಚನೆ ಸಾವಿನದಲ್ಲ. ಅಕ್ಕನನ್ನು ವಾಪಸ್ ಊರಿಗೆ ಯಾರು ಕರೆದುಕೊಂಡು ಹೋಗುತ್ತಾರೆ ಎಂಬುದು.

ಆಗ ಕೇಳಿಸಿತು.

"ಸಣ್ಣೀ... ಏ ಸಣ್ಣೀ..."

ಬಲಗಡೆಯಿಂದ, ಬಹಳ ದೂರದಿಂದ. ಅನುಮಾನಕ್ಕೆ ಎಡೆಯಿರಲಿಲ್ಲ. ರೋಗ ಬಂದ ಮೇಲಿನ ಒಡಕು ದನಿಯಲ್ಲ ಅದು. ನಾನು ಶಾಲೆಗೆ ಹೋಗುತ್ತಿದ್ದ ಕಾಲದ, ಮಾಳಿಗೆಯ ಮೇಲಿನ, ತುಂಬಿದ ದನಿ. ಕೊನೆಯ ಅಕ್ಷರ ಮೇಲಕ್ಕೆದ್ದು ಎಳೆಯುತ್ತಿತ್ತು. ಹೆದರಿಕೆಗೆ ಮನಸ್ಸು ಆಡಿಸುತ್ತಿರುವ ಆಟ ಇದು ಎಂದು ನನಗೆ ಆ ಕ್ಷಣದಲ್ಲೇ ಅನ್ನಿಸಿತು. ನಾನು ಅದರ ಕಡೆ ಹೋಗಲೇ ಇಲ್ಲ. ನಿಂತುಬಿಟ್ಟೆ.

ಅಷ್ಟರಲ್ಲಿ ನೀರು ಸಿಡಿಸುತ್ತ ಒಂದು ನಾಯಿ ಬಂತು. ಅದರ ಹಿಂದೆ ಮೊಣಕಾಲುದ್ದ ನೀರಲ್ಲಿ ಒಬ್ಬ ಮುದುಕ. ಓಡಿಹೋದ ನಾಯಿಯನ್ನು ಹುಡುಕುತ್ತ ಅವನೂ ದಾರಿ ತಪ್ಪಿದ್ದ. ಅವನ ಇಂಗ್ಲಿಷು ನನಗೆ ತಿಳಿಯುವುದು ಕಷ್ಟ, ಆದರೂ ನಿಧಾನವಾಗಿ ಹೇಳಿದ್ದರಿಂದ ತಿಳಿಯಿತು. "ದಡ ಆ ಕಡೆ ಇರಬೇಕು. ಯಾರೋ ಹೆಂಗಸು ತನ್ನ ನಾಯಿಯನ್ನು ಕರೆಯುತ್ತಿದ್ದಾಳೆ, ಕೇಳಿಸಿತೇ? ಸನ್ನಿ, ಸನ್ನಿ ಅನ್ನುತ್ತಿದ್ದಾಳೆ. ನಡೆಯಿರಿ, ಆ ದನಿಯ ಕಡೆಗೇ ಹೋಗೋಣ."

ಸನ್ನಿ ಎಂದರೆ ಆ ಜನರಲ್ಲಿ ಬಿಸಿಲಿನ ಹೆಸರು, ನಾಯಿಗೂ ಇಡುತ್ತಾರಂತೆ. ನಮ್ಮಲ್ಲಿ ಸನ್ನಿ ಎಂದರೆ ಜ್ವರ ತಲೆಗೇರಿ ಬಡಬಡಿಸುವುದು. ನನಗೇನಾದರೂ ಸನ್ನಿ ಹಿಡಿದಿದ್ದರೆ ಈ ಮುದುಕನಿಗೂ ಹಿಡಿಯಿತೇ?

ಇಬ್ಬರೂ ದನಿಯ ಹಿಂದೆ ನಡೆದೆವು. ನಾವು ಅತ್ತಿತ್ತ ಸರಿದಾಗಲೆಲ್ಲ ಅದು ಮತ್ತೆ ಕೇಳುತ್ತಿತ್ತು. "ಮನಿಗೆ ಬಾ" ಎಂಬುದೂ ನನಗೆ ಸ್ಪಷ್ಟವಾಗಿ ಕೇಳಿಸಿತು. ಕೊನೆಗೆ ಕಾಂಕ್ರೀಟ್ ಕಂಬ ಕೈಗೆ ತಾಗಿತು. ಕಂಬದಿಂದ ಕಂಬಕ್ಕೆ ಹಿಡಿದು ಬಂದೆವು. ಕಾಲಿಗೆ ಗಟ್ಟಿ ನೆಲ ಸಿಕ್ಕಿದಾಗ ದನಿ ನಿಂತುಹೋಯಿತು.

ದಡದಲ್ಲಿ ರೇಣುಕಾ ಅಳುತ್ತ ಫೋನಿನಲ್ಲಿ ರಕ್ಷಣೆಯವರಿಗೆ ಜಾಗ ಹೇಳುತ್ತಿದ್ದಳು. ಅಕ್ಕ ಬೆಂಚಿನ ಮೇಲೆ, ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು, ತೊಡೆಯ ಮೇಲೆ ಕೈಯಿಟ್ಟು ಕೂತಿದ್ದಳು. ಮುದುಕ ನೇರ ಅವಳ ಹತ್ತಿರ ಹೋಗಿ ಎರಡೂ ಕೈಯಿಂದ ಅವಳ ಕೈ ಹಿಡಿದು, ನಿನ್ನ ದನಿಯಿಂದ ನಾವು ಉಳಿದೆವು ಎಂದ. ರೇಣುಕಾ ತಬ್ಬಿಬ್ಬಾಗಿ, ನನ್ನ ತಾಯಿಗೆ ಮಾತು ಬರುವುದಿಲ್ಲ ಎಂದು ಹೇಳಿ, ಕುತ್ತಿಗೆಯ ಬಟ್ಟೆಯನ್ನು ಸ್ವಲ್ಪ ಸರಿಸಿ ತೋರಿಸಿದಳು. ಮುದುಕ ತೂತನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಬೇರೆ ಯಾರಾದರೂ ಇದ್ದಾರೆಯೇ ಎಂದು ಸುತ್ತ ನೋಡಿದ. ಬೆಂಚಿನ ಹತ್ತಿರ ಬೇರೆ ಹೆಂಗಸರಿರಲಿಲ್ಲ. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, ನಾಯಿಯನ್ನು ಕರೆದುಕೊಂಡು ಹೊರಟುಹೋದ. ಅವನ ಹೆಸರನ್ನೂ ಕೇಳಲಿಲ್ಲವಲ್ಲ ಎಂಬ ಸಂಕಟ ನನಗೆ ಇವತ್ತಿಗೂ ಇದೆ.

"ರೇಣುಕಾ, ಅಕ್ಕ ನನ್ನ ಕರದ್ಲು" ಎಂದೆ.

"ಚಿಗವ್ವ, ಸುಮ್ನಿರು. ಭಾಳ ಹೆದರೀದಿ ನೀನು."

"ಆ ಅಜ್ಜನೂ ಕೇಳಿಸ್ಕೊಂಡಾನಲ್ಲ!"

"ನಾ ಇಲ್ಲೇ ಅಕಿ ಬಾಜೂಕ ಕುಂತೀನಿ. ಅವ್ವ ಚಪ್ಪಾಳಿ ಸುದ್ದಾ ತಟ್ಟಿಲ್ಲ. ನಾನ ಎರಡು ಸಲ ಚಿಗವ್ವಾ ಅಂತ ಒದರೀನಿ. ಅದನ್ನ ಕೇಳಿರ್ತೀರಿ."

ರೇಣುಕಾಳ ಕೂಗು ನನಗೆ ಕೇಳಿಸಿರಲೇ ಇಲ್ಲ. ಮತ್ತೆ, ಸಣ್ಣಿ ಎಂಬ ಹೆಸರು ಅವಳ ಬಾಯಲ್ಲಿ ಹುಟ್ಟಿದಂದಿನಿಂದ ಬಂದದ್ದಿಲ್ಲ.

ನಾನು ಅಕ್ಕನ ಮುಂದೆ ಕುಕ್ಕರಗಾಲಲ್ಲಿ ಕೂತು, "ಅಕ್ಕಾ, ನೀ ಕರದೇನು?" ಎಂದು ಕೇಳಿದೆ. ಅವಳು ಸೆರಗಿನಿಂದ ನನ್ನ ಒದ್ದೆ ಪಾದ ಒರೆಸತೊಡಗಿದಳು. ನಾನು ಬಿಡಲಿಲ್ಲ. ಇನ್ನೊಮ್ಮೆ ಕರೆ, ಒಮ್ಮೆ ಕರೆ ಎಂದು ಬೇಡಿಕೊಂಡೆ. ಅವಳು ಬಾಯಿ ತೆರೆದಳು. ತುಟಿ ಸಣ್ಣಿ ಎಂಬಂತೆಯೇ ಆಡಿತು. ಕುತ್ತಿಗೆಯ ತೂತಿನಿಂದ ಬುಸ್ಸೆಂದು ಗಾಳಿ ಬಂತು. ಅಷ್ಟೇ. ಅವಳ ಕಣ್ಣಲ್ಲಿ ನೀರು ತುಂಬಿತು.

ಆಮೇಲಿನ ದಿನಗಳಲ್ಲಿ ನನಗೆ ಒಂದು ಹುಚ್ಚು ಹಿಡಿಯಿತು. ದನಿ ಬಂದಿದ್ದರೆ ಎಲ್ಲೋ ಏನೋ ಉಳಿದಿರಬೇಕು, ಡಾಕ್ಟರುಗಳು ತಪ್ಪಿರಬೇಕು, ಗಂಟಲಿನದು ತಪ್ಪಾದರೆ ಎದೆಯದೂ ತಪ್ಪಾಗಿರಬಹುದು. ಹೀಗೆ ಆಸೆ ಬೆಳೆಸಿಕೊಂಡೆ. ನನ್ನ ಕಾಟ ತಾಳಲಾರದೆ ರೇಣುಕಾ ತನ್ನ ಪರಿಚಯದ ಗಂಟಲ ಡಾಕ್ಟರೊಬ್ಬರಿಗೆ ಅಕ್ಕನನ್ನು ತೋರಿಸಿದಳು. ಅವರು ಸಣ್ಣ ಕ್ಯಾಮೆರಾ ಇಳಿಸಿ ಒಳಗನ್ನು ಪರದೆಯ ಮೇಲೆ ನನಗೇ ತೋರಿಸಿದರು. ದನಿ ಹುಟ್ಟುವ ಜಾಗದಲ್ಲಿ ಹೊಲಿದ ಗೋಡೆ ಇತ್ತು. ನನ್ನ ಕಣ್ಣು ಅದನ್ನು ನೋಡಿತು, ನನ್ನ ವಿದ್ಯೆ ಒಪ್ಪಿತು. ಅಲ್ಲೇ ತೆಗೆಸಿದ ಎದೆಯ ಎಕ್ಸ್‌ರೇ ಮೊದಲಿಗಿಂತ ಕೆಟ್ಟಿತ್ತು.

ಹೊರಗೆ ಬಂದು ರೇಣುಕಾ, "ನೀ ಲ್ಯಾಬಿನಾಗ ಕೆಲಸ ಮಾಡಾಕಿ ಚಿಗವ್ವ. ನೀನ ಹಿಂಗ ಆದ್ರ ನಾ ಯಾರನ್ನ ನಂಬ್ಲಿ? ಅವ್ವಗ ಇಲ್ಲದ ಆಸೆ ಹಚ್ಚಬ್ಯಾಡ" ಎಂದಳು. ಮೊದಲ ಸಲ ನನ್ನ ಮೇಲೆ ರೇಗಿದ್ದಳು. ಅಕ್ಕ ಇಬ್ಬರ ಮುಖವನ್ನೂ ನೋಡಿ ಎದ್ದು ಬಸ್ ನಿಲ್ಲುವ ಕಡೆ ನಡೆದಳು.

ಊರಿಗೆ ಬಂದೆವು. ತಳಕಲ್ಲಿನ ಮನೆಯಲ್ಲೇ ಇರುತ್ತೇನೆಂದು ಅಕ್ಕ ಹಟ ಹಿಡಿದಳು. ನಾನು ಉಳಿದ ರಜೆಯನ್ನೆಲ್ಲ ಹಾಕಿ ಅವಳ ಹತ್ತಿರ ಇದ್ದೆ. ಬಿಳಿಜೋಳ ತೆನೆ ಹಿಡಿಯುವ ಹೊತ್ತಿಗೆ ಅವಳು ಹಾಸಿಗೆಯಿಂದ ಏಳದಾದಳು. ಕೊನೆಯ ದಿನ ಬೆಳಿಗ್ಗೆ ನನ್ನ ಕೈ ಎಳೆದು ತುಟಿ ಆಡಿಸಿದಳು. ಒಂದೆರಡು ಮಾತಲ್ಲ, ಬಹಳ ಹೊತ್ತು. ಸಮುದ್ರದ ಮಂಜಿನಾಚೆಯಿಂದ ಅವಳ ದನಿ ಕೇಳಿಸಿಕೊಂಡವಳು ನಾನು. ಕಿವಿಯನ್ನು ಅವಳ ತುಟಿಗೆ ಹಚ್ಚಿದೆ. ಏನೂ ಕೇಳಿಸಲಿಲ್ಲ. ತುಟಿ ನೋಡಿ ಓದಲು ಯತ್ನಿಸಿದೆ, ರೇಣು ಎಂಬುದೊಂದು ಗೊತ್ತಾದಂತಾಯಿತು, ಅದೂ ಖಾತ್ರಿಯಿಲ್ಲ. ಮಧ್ಯಾಹ್ನದ ಹೊತ್ತಿಗೆ ತೀರಿಕೊಂಡಳು.

ರೇಣುಕಾಳಿಗೆ ಬರಲಾಗಲಿಲ್ಲ. ಮಣ್ಣು ಕೊಡುವುದನ್ನು ಇಲ್ಲಿ ಯಾರೋ ಹಿಡಿದ ಮೊಬೈಲಿನ ಮೂಲಕ ನೋಡಿದಳು.

ನನ್ನ ಮಟ್ಟಿಗೆ ಎಲ್ಲ ಲೆಕ್ಕವನ್ನೂ ಹಾಕಿ ನೋಡಿದ್ದೇನೆ. ಮಂಜಿನಲ್ಲಿ ಸದ್ದು ದಿಕ್ಕು ತಪ್ಪುತ್ತದೆ ಎನ್ನುತ್ತಾರೆ. ನಿಜವಾಗಿಯೂ ಯಾವಳೋ ಸನ್ನಿ ಎಂಬ ನಾಯಿಯನ್ನು ಕರೆದಿರಬಹುದು, ಉಳಿದದ್ದನ್ನು ನನ್ನ ಹೆದರಿಕೆ ಸೇರಿಸಿರಬಹುದು. ಆದರೆ ಆ ದನಿ ನನಗೆ ಗೊತ್ತು. ಈ ಎರಡರಲ್ಲಿ ಒಂದನ್ನು ಬಿಡಲು ನನ್ನಿಂದ ಆಗಿಲ್ಲ.

ಅಕ್ಕ ಹೋದ ಕೆಲವು ತಿಂಗಳ ಮೇಲೆ ರೇಣುಕಾಳ ಫೋನ್ ಬಂತು. ಗಾಳಿಯ ಸದ್ದಿನಲ್ಲಿ ಅವಳ ಮಾತು ಸರಿಯಾಗಿ ಕೇಳುತ್ತಿರಲಿಲ್ಲ. ಎಲ್ಲಿದ್ದೀ ಎಂದೆ.

"ಕ್ರಾಮಂಡಿನಾಗ ಅದೀನಿ. ಅವ್ವ ಸತ್ತ ದಿನಾನೂ ಬಂದಿದ್ದೆ. ರಜಾ ಇದ್ದಾಗೆಲ್ಲ ಬರ್ತೀನಿ. ಮಂಜು ಬಿದ್ದಾಗ ಮರಳಿಗಿಳದು ನಿಂತೂ ನೋಡೀನಿ."

"ಹುಚ್ಚಿ, ನೀರು ಬರ್ತಾವ ಅಲ್ಲಿ! ಮ್ಯಾಲ ಹತ್ತು" ಎಂದು ನಾನು ಚೀರಿದೆ.

"ಹತ್ತೀನಿ. ಈಗ ದಡದಾಗ ಅದೀನಿ." ಆಮೇಲೆ ಚಿಕ್ಕ ಮಗುವಿನ ಹಾಗೆ ಕೇಳಿದಳು: "ಅವತ್ತು ನಾ ಅಕಿ ಬಾಜೂಕ ಇದ್ದೆ, ನನಗ ಕೇಳಿಸ್ಲಿಲ್ಲ. ಈಗ ಇಷ್ಟು ದೂರ ನಿಂತೀನಿ, ಈಗೂ ಕೇಳಿಸವಲ್ದು. ನಿನ್ನ ಕರದಾಕಿ ನನ್ನ ಯಾಕ ಕರೀವಲ್ಲಳು, ಚಿಗವ್ವ?"

ಕೊನೆಯ ದಿನ ಅಕ್ಕನ ತುಟಿಯ ಮೇಲೆ ನಾನು ಕಂಡೆನೆಂದುಕೊಂಡ ಅವಳ ಹೆಸರನ್ನು ಹೇಳಲೇ ಎಂದು ಯೋಚಿಸಿದೆ. ಖಾತ್ರಿಯಿಲ್ಲದ್ದನ್ನು ಹೇಳಲು ಬಾಯಿ ಬರಲಿಲ್ಲ. ಆ ಕಡೆಯ ಗಾಳಿಯನ್ನು ಕೇಳುತ್ತ ನಾನು ಫೋನ್ ಹಿಡಿದುಕೊಂಡೇ ಕೂತಿದ್ದೆ.